ಆದವಾನಿ ಸೀಮೆಯ ಎರೆಹೊಲವೂ ಬಿಟಿ ಹತ್ತಿಯೂ

ಕಳೆದ ಯುಗಾದಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಆಲೂರು ತಾಲ್ಲೂಕಿನಲ್ಲಿರುವ ನಮ್ಮ ಪಿತ್ರಾರ್ಜಿತ 9 ಎಕರೆ ಎರೆಹೊಲವನ್ನು 18 ವರ್ಷಗಳಿಂದ ಗುತ್ತಿಗೆಗೆ ಮಾಡುತ್ತಿರುವವನು ಅವನೇ. ಪ್ರತಿವರ್ಷದಂತೆ ಗುತ್ತಿಗೆಯ ಹಣ ಕೊಟ್ಟು, ಬೇವುಬೆಲ್ಲ ತಿಂದು ಎದ್ದು ಹೋಗುವನೆಂದು ಎಣಿಸಿದ್ದೆ. ಅವನು ಏಳಲಿಲ್ಲ. ಟವೆಲಿನ ಅಂಚಿನಲ್ಲಿ ಕಟ್ಟಿಕೊಂಡು ತಂದಿದ್ದ ಒಂದು ಮಣ್ಣಿನ ಹೆಂಟೆಯನ್ನು ಬಿಚ್ಚಿ ಜಗಲಿಯ ಮೇಲಿಟ್ಟು, "ಮೇಷ್ಟ್ರೇ, ಬಿಟಿ ಹತ್ತಿ ಬಿತ್ತಿ ಬಿತ್ತಿ ಹೊಲ ಸತ್ತೋಯ್ತು ಅಂತಾರೆ. ಇನ್ನು ಕೆಲವರು ಹಂಗೇನಿಲ್ಲ ಅಂತಾರೆ. ನೀವು ಓದಿದೋರು. ಯಾವುದು ಖರೆ?" ಎಂದು ಕೇಳಿದನು. ಹೆಂಟೆಯನ್ನು ಕೈಯಲ್ಲಿ ಹಿಸುಕಿ ನೋಡಿದೆ, ಒಡೆಯಲಿಲ್ಲ.

ಅಂದು ನಾನು ಉತ್ತರ ಹೇಳಲಿಲ್ಲ. ಬಿ.ಎ. ಓದಿ ಚರಿತ್ರೆ ಮತ್ತು ಕನ್ನಡವನ್ನು ಪಾಠ ಹೇಳಿದವನು ನಾನು, ವಿಜ್ಞಾನದ ಮೇಷ್ಟರಲ್ಲ. ಆದರೆ ಈ ಪ್ರಶ್ನೆಗೂ ಒಂದು ಚರಿತ್ರೆಯುಂಟು. ಕೃಷಿ ಪದವಿ ಓದುತ್ತಿರುವ ಮೊಮ್ಮಗಳ ನೆರವಿನಿಂದ ಕೆಲವು ತಿಂಗಳು ಓದಿ ತಿಳಿದುದನ್ನು ಸಂಘದ ಬಂಧುಗಳ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ. ನಮ್ಮಲ್ಲಿ ಬಹುಮಂದಿ ನೌಕರಿಗಾಗಿ ಪಟ್ಟಣ ಸೇರಿದವರಾದರೂ ಹೊಲದ ಪಟ್ಟಾ ಇನ್ನೂ ನಮ್ಮ ಹೆಸರಿನಲ್ಲೇ ಇರುವುದರಿಂದ ಇದು ನಮಗೆ ಹೊರಗಿನ ವಿಷಯವಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದುದನ್ನು, ಉಳಿದ ಏಳು ತಾಲ್ಲೂಕುಗಳು ಮೈಸೂರಿಗೆ ಹೋದುದನ್ನು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಗೆರೆಯ ಆ ಕಡೆಗೂ ಈ ಕಡೆಗೂ ಇರುವ ಎರೆಮಣ್ಣು ಮಾತ್ರ ಒಂದೇ. ಇದರಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು, ನುಣುಪಾದ ಜೇಡಿಯೇ ಇರುತ್ತದೆ. ನೀರು ಕುಡಿದಾಗ ಉಬ್ಬಿ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲಕ್ಕೆ ಬಿರಿಯುವ ಗುಣ ಆ ಜೇಡಿಯದು. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಬಿದ್ದು, ಮಳೆಗಾಲದಲ್ಲಿ ಒಳಗಿನದು ಮೇಲಕ್ಕೊತ್ತಿ ಬರುವುದನ್ನು ಕಂಡ ಹಿರಿಯರು, ಎರೆಹೊಲ ತನ್ನನ್ನು ತಾನೇ ಉಳುತ್ತದೆ ಎನ್ನುತ್ತಿದ್ದರು. ಮಣ್ಣು ವಿಜ್ಞಾನಿಗಳು ಹೇಳುವುದೂ ಅದನ್ನೇ. ಈ ಜೇಡಿಯ ಮುಖ್ಯ ಅಂಶಕ್ಕೆ ಮಾಂಟ್‌ಮೊರಿಲೊನೈಟ್ ಎಂದು ಹೆಸರು. ನಾಲಗೆ ತೊಡರಿದರೂ ಓದುಗರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ; ಮುಂದೆ ಕಥೆ ಇಲ್ಲಿಗೇ ಮರಳುತ್ತದೆ.

ಹತ್ತಿ ಈ ಸೀಮೆಗೆ ಹೊಸದಲ್ಲ. ಬಳ್ಳಾರಿ, ಕರ್ನೂಲು, ಅನಂತಪುರದ ದೇಸಿ ಹತ್ತಿಗೆ ಬ್ರಿಟಿಷ್ ವ್ಯಾಪಾರಿಗಳು 'ವೆಸ್ಟರ್ನ್ಸ್' ಎಂದು ಕರೆಯುತ್ತಿದ್ದರು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಅದರ ಬೆಲೆ ಗಗನಕ್ಕೇರಿತು. 1871ರಲ್ಲಿ ಮದರಾಸಿನ ರೈಲುಹಾದಿಯು ರಾಯಚೂರಿನಲ್ಲಿ ಮುಂಬಯಿಯ ಹಾದಿಯನ್ನು ಕೂಡಿಕೊಂಡ ಮೇಲೆ ಆದವಾನಿ ಹತ್ತಿಯ ಪೇಟೆಯಾಗಿ ಬೆಳೆಯಿತು. ಬಳ್ಳಾರಿಯ ಬಳಿಯ ಹಗರಿ ಕೃಷಿ ಕ್ಷೇತ್ರದಲ್ಲಿ ಈ ದೇಸಿ ಹತ್ತಿಯಿಂದಲೇ 'ಹಗರಿ 1' ಎಂಬ ತಳಿಯನ್ನು ಆರಿಸಿದರು. ಎಳೆ ಗಿಡ್ಡ, ಇಳುವರಿ ಕಡಿಮೆ, ಆದರೆ ಬೇರು ಆಳ, ಬರಕ್ಕೆ ಜಗ್ಗುತ್ತಿರಲಿಲ್ಲ.

ನನ್ನ ತಂದೆಯವರು ಹತ್ತಿಯನ್ನು ಒಂಟಿಯಾಗಿ ಬಿತ್ತಿದ್ದನ್ನು ನಾನು ಕಂಡಿಲ್ಲ. ನವಣೆಯ ಸಾಲುಗಳ ನಡುವೆ ಹತ್ತಿಯ ಸಾಲು. ನವಣೆ ಮೂರು ತಿಂಗಳಲ್ಲಿ ಮನೆ ಸೇರಿದರೆ ಹತ್ತಿ ಬೇಸಿಗೆಯ ಬಾಗಿಲವರೆಗೂ ಹೊಲದಲ್ಲಿರುತ್ತಿತ್ತು. ಮರುವರ್ಷ ಆ ತುಂಡಿನಲ್ಲಿ ಬಿಳಿಜೋಳವೋ ಕಡಲೆಯೋ. ಬೆಳೆ ತೆಗೆದ ಮೇಲೆ ಕುರುಬರನ್ನು ಕರೆದು ನಾಲ್ಕಾರು ರಾತ್ರಿ ಕುರಿ ತರುಬಿಸುತ್ತಿದ್ದರು. ಅದಕ್ಕೆ ಕೂಲಿ ಕಾಳಿನಲ್ಲಿ. ಅದನ್ನು ಹೊನ್ನಿನ ಕಾಲವೆಂದು ನಾನು ಹೇಳಲಾರೆ. ಮಳೆ ತಪ್ಪಿದ ವರ್ಷ ಮನೆಯಲ್ಲಿ ಒಂದೇ ಹೊತ್ತಿನ ಊಟವಾದ ನೆನಪು ನನಗುಂಟು.

ಮೊದಲ ದೊಡ್ಡ ಬದಲಾವಣೆ ಬಿಟಿಯಿಂದ ಬಂದದ್ದಲ್ಲ. 1970ರಲ್ಲಿ ಗುಜರಾತಿನ ಸೂರತ್ತಿನಲ್ಲಿ ಸಿ.ಟಿ. ಪಟೇಲರು 'ಎಚ್-4' ಎಂಬ ಸಂಕರ ಹತ್ತಿಯನ್ನು ರೂಪಿಸಿದರು. 1972ರಲ್ಲಿ ನಮ್ಮ ಧಾರವಾಡದ ಬಿ.ಎಚ್. ಕಟರಕಿಯವರು 'ವರಲಕ್ಷ್ಮಿ'ಯನ್ನು ಕೊಟ್ಟರು. ಉದ್ದೆಳೆಯ ವರಲಕ್ಷ್ಮಿ ಅನೇಕ ಮನೆಗಳಿಗೆ ಮಾಳಿಗೆ ಕಟ್ಟಿಕೊಟ್ಟದ್ದು ಸುಳ್ಳಲ್ಲ. ಆದರೆ ಸಂಕರ ಬೀಜವನ್ನು ಮನೆಯಲ್ಲಿ ಎತ್ತಿಟ್ಟು ಬಿತ್ತಿದರೆ ತಾಯಿಯ ಗುಣ ಉಳಿಯದು. ಪ್ರತಿವರ್ಷ ಅಂಗಡಿಗೆ ಹೋಗಬೇಕು. ಅದು ಗೊಬ್ಬರ ಬೇಡಿತು, ಹುಳುವನ್ನೂ ಕರೆಯಿತು. ಎಂಬತ್ತರ ದಶಕದಲ್ಲಿ ಪೈರೆಥ್ರಾಯ್ಡ್ ಔಷಧಿಗಳು ಬಂದವು; ಹುಳುಗಳು ಅವಕ್ಕೂ ಒಗ್ಗಿಕೊಂಡವು. 1997-98ರಲ್ಲಿ ವಾರಂಗಲ್ ಜಿಲ್ಲೆಯ ಹತ್ತಿ ರೈತರು, ಹುಳುವಿಗೆ ಹೊಡೆಯಲು ಸಾಲ ಮಾಡಿ ತಂದ ಔಷಧಿಯನ್ನೇ ಕುಡಿದು ಸತ್ತ ಸುದ್ದಿಯನ್ನು ನಾನು ಶಾಲೆಯ ಪ್ರಾರ್ಥನೆಯ ವೇಳೆಯಲ್ಲಿ ಓದಿ ಹೇಳಿದ್ದೆ. ಮಕ್ಕಳಲ್ಲಿ ಅರ್ಧದಷ್ಟು ಹತ್ತಿ ಬೆಳೆವವರ ಮಕ್ಕಳು. ಬಿಟಿ ಬೀಜಕ್ಕೆ ನೆಲ ಹದವಾದದ್ದು ಹೀಗೆ.

ಬಿಟಿ ಎಂಬುದು ಒಂದು ಬ್ಯಾಕ್ಟೀರಿಯದ ಹೆಸರಿನ ಸಂಕ್ಷೇಪ. 1901ರಲ್ಲಿ ಜಪಾನಿನ ಇಷಿವಾಟ ಎಂಬ ವಿಜ್ಞಾನಿ, ರೇಷ್ಮೆಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುವ ರೋಗದ ಮೂಲವನ್ನು ಹುಡುಕುತ್ತ ಇದನ್ನು ಕಂಡನು. ಮಡಕಶಿರಾದ ಕಡೆ ರೇಷ್ಮೆ ಸಾಕುವ ನಮ್ಮ ಸದಸ್ಯರು ಇದನ್ನು ಕೇಳಿ ಹುಬ್ಬೇರಿಸಬಹುದು. ಹತ್ತು ವರ್ಷಗಳ ತರುವಾಯ ಜರ್ಮನಿಯ ಥುರಿಂಗಿಯ ಪ್ರಾಂತದ ಹಿಟ್ಟಿನ ಪತಂಗದಲ್ಲಿ ಬರ್ಲಿನರ್ ಎಂಬುವನು ಅದನ್ನು ಮತ್ತೆ ಕಂಡು, ಆ ಪ್ರಾಂತದ ಹೆಸರನ್ನೇ ಇಟ್ಟನು: ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಇದು ಮಣ್ಣಿನಲ್ಲಿ ಸಹಜವಾಗಿ ವಾಸಿಸುವ ಜೀವಿ. ನಮ್ಮ ನಿಮ್ಮ ಹೊಲದಲ್ಲಿಯೂ ಇದ್ದೀತು. ಇದರೊಳಗಿನ ಹರಳಿನಂಥ ಪ್ರೋಟೀನು ಕಂಬಳಿಹುಳುವಿನ ಕ್ಷಾರಗುಣದ ಕರುಳಿನಲ್ಲಿ ಕರಗಿ ವಿಷವಾಗುತ್ತದೆ. ನಮ್ಮ ಹೊಟ್ಟೆಯಲ್ಲಿ ಆ ಕ್ಷಾರವಿಲ್ಲ. ಫ್ರಾನ್ಸಿನಲ್ಲಿ 1938ರಿಂದಲೇ ಇದನ್ನು ಸಿಂಪಡಿಸುವ ಪುಡಿಯಾಗಿ ಮಾರಿದರು. ಬಿಸಿಲಿಗೆ ಬೇಗ ನಾಶವಾಗುವುದು ಅದರ ದೋಷ. ಅದೇ ಅದರ ಗುಣವೆಂದೂ ಹೇಳಬಹುದು.

ಆ ಪ್ರೋಟೀನನ್ನು ಮಾಡುವ ವಂಶವಾಹಿಯನ್ನೇ ಗಿಡದೊಳಗೆ ಸೇರಿಸಿದರೆ ಸಿಂಪಡಿಸುವ ಕೆಲಸವೇ ಉಳಿಯುವುದಿಲ್ಲವೆಂಬುದು ಕುಲಾಂತರಿ ಬೆಳೆಯ ತತ್ತ್ವ. 1996ರಲ್ಲಿ ಅಮೆರಿಕದಲ್ಲಿ ಬಿಟಿ ಹತ್ತಿ ಹೊಲಕ್ಕಿಳಿಯಿತು. 1998ರಲ್ಲಿ ತುಂಗಭದ್ರೆಯ ಆಚೆ ದಡದ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗಕ್ಕೆಂದು ಬೆಳೆದಿದ್ದ ಬಿಟಿ ಹತ್ತಿಯನ್ನು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಕರ್ನಾಟಕ ರಾಜ್ಯ ರೈತ ಸಂಘದವರು ಕಿತ್ತು ಸುಟ್ಟರು. ಬೀಜ ಮೊಳೆಯದಂತೆ ಮಾಡುವ 'ಟರ್ಮಿನೇಟರ್' ತಂತ್ರ ಅದರಲ್ಲಿದೆಯೆಂಬ ಭಯ ಆಗ ಊರೂರಿಗೆ ಹಬ್ಬಿತ್ತು. ಆ ತಂತ್ರ ಈ ಹತ್ತಿಯಲ್ಲಿರಲಿಲ್ಲ, ಮುಂದೆ ಮಾರುಕಟ್ಟೆಗೂ ಬರಲಿಲ್ಲ. ಬೀಜದ ಹಕ್ಕು ಯಾರದೆಂದು ರೈತ ಸಂಘ ಕೇಳಿದ ಪ್ರಶ್ನೆ ಮಾತ್ರ ಸುಳ್ಳಾಗಿರಲಿಲ್ಲ. 2002ರ ಮಾರ್ಚ್ 26ರಂದು ಭಾರತ ಸರ್ಕಾರದ ಸಮಿತಿಯು ಮೂರು ಬಿಟಿ ಸಂಕರ ತಳಿಗಳಿಗೆ ಅನುಮತಿ ಕೊಟ್ಟಿತು. 450 ಗ್ರಾಂ ಚೀಲಕ್ಕೆ ಸುಮಾರು 1,850 ರೂಪಾಯಿ ಇದ್ದ ಬೆಲೆ, ಆಂಧ್ರ ಸರ್ಕಾರವೇ ದೂರು ಕೊಂಡೊಯ್ದ ಮೇಲೆ 2006ರಲ್ಲಿ 750ಕ್ಕೆ ಇಳಿಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ದೇಶದ ಹತ್ತಿ ನೆಲದ ಶೇಕಡ 90ಕ್ಕೂ ಹೆಚ್ಚು ಭಾಗ ಬಿಟಿಯದಾಯಿತು. ಹಗರಿಯ ಹತ್ತಿಯನ್ನು ಈಗ ತೋರಿಸಲು ನಮ್ಮೂರಿನಲ್ಲಿ ಒಂದು ಗಿಡವೂ ಇಲ್ಲ.

ಇನ್ನು ಮಣ್ಣಿನ ಪ್ರಶ್ನೆ. ಸಿಂಪಡಿಸಿದ ಬಿಟಿ ಬಿಸಿಲಿಗೆ ಹೋಗುತ್ತದೆ. ಗಿಡದೊಳಗಿನ ಬಿಟಿಯೋ ಎಲೆ ಉದುರಿ, ಬೇರು ಕೊಳೆತು ಮಣ್ಣಿನೊಳಕ್ಕೆ ಸೇರುತ್ತದೆ, ಅಲ್ಲಿ ಬಿಸಿಲಿಲ್ಲ. ಹಾಗಾದರೆ ಅದು ಎಷ್ಟು ಕಾಲ ಉಳಿಯುತ್ತದೆ, ಅಲ್ಲಿನ ಜೀವಿಗಳಿಗೆ ಏನು ಮಾಡುತ್ತದೆ? ಈ ಪ್ರಶ್ನೆಯನ್ನು ಹಿಡಿದು ಬಹುಕಾಲ ದುಡಿದವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗುಂಥರ್ ಸ್ಟಾಟ್ಸ್ಕಿ. ಬಿಟಿ ವಿಷವು ಜೇಡಿಯ ಕಣಗಳಿಗೂ ಕೊಳೆತ ಸಾವಯವಕ್ಕೂ ಅಂಟಿಕೊಳ್ಳುತ್ತದೆ, ಅಂಟಿಕೊಂಡದ್ದನ್ನು ಸೂಕ್ಷ್ಮಜೀವಿಗಳು ಸುಲಭವಾಗಿ ತಿನ್ನಲಾರವು, ಆದರೂ ಅದರ ವಿಷಗುಣ ಉಳಿದಿರುತ್ತದೆ ಎಂದು ಅವರು ತೋರಿಸಿದರು. ಅವರು ಪರೀಕ್ಷಿಸಿದ ಜೇಡಿಗಳಲ್ಲಿ ಒಂದು ಮಾಂಟ್‌ಮೊರಿಲೊನೈಟ್, ನಮ್ಮ ಎರೆಯದೇ ಜೇಡಿ. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಷವು 234 ದಿನಗಳ ಮೇಲೂ ಹುಳುವನ್ನು ಕೊಲ್ಲಬಲ್ಲುದಾಗಿತ್ತು. ಮರುವರ್ಷ, ಬಿಟಿ ಮುಸುಕಿನ ಜೋಳವು ಬದುಕಿರುವಾಗಲೇ ಬೇರಿನ ಮೂಲಕ ವಿಷವನ್ನು ಮಣ್ಣಿಗೆ ಒಸರಿಸುತ್ತದೆಂದು ಅವರ ತಂಡ 'ನೇಚರ್' ಪತ್ರಿಕೆಯಲ್ಲಿ ಬರೆಯಿತು.

ಇಷ್ಟು ಓದಿದಾಗ ನನಗೆ ಎದೆ ಧಸಕ್ಕೆಂದಿತು. ನಮ್ಮ ವಿದ್ಯಾರ್ಥಿಯ ಹೆಂಟೆಗೆ ಕಾರಣ ಸಿಕ್ಕಿತೆಂದೇ ಭಾವಿಸಿದೆ. ಆದರೆ ಮೊಮ್ಮಗಳು, "ತಾತಾ, ಪೂರ್ತಿ ಓದೋಣ" ಎಂದಳು. ಪೂರ್ತಿ ಓದಿದಾಗ ಚಿತ್ರ ಬೇರೆಯಾಯಿತು. ಆ 234 ದಿನ ಉಳಿದದ್ದು ಕೇಯೊಲಿನೈಟ್ ಎಂಬ ಬೇರೊಂದು ಜೇಡಿ ಬೆರೆಸಿದ ಹುಳಿಮಣ್ಣಿನಲ್ಲಿ. ಮಾಂಟ್‌ಮೊರಿಲೊನೈಟ್ ಬೆರೆಸಿದ, ಹುಳಿ ಕಡಿಮೆಯಿದ್ದ ಮಣ್ಣಿನಲ್ಲಿ ವಿಷದ ಶಕ್ತಿ ಬೇಗ ಕುಗ್ಗಿತ್ತು. ಹುಳಿಮಣ್ಣಿಗೇ ಸುಣ್ಣ ಬೆರೆಸಿದಾಗ ಅಲ್ಲಿಯೂ ಕುಗ್ಗಿತು. ಹುಳಿ ಕಡಿಮೆಯಾದಷ್ಟೂ ಸೂಕ್ಷ್ಮಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ. ನಮ್ಮ ಎರೆಯಾದರೋ ಸುಣ್ಣದ ಹರಳುಗಳಿರುವ, ಕ್ಷಾರದ ಕಡೆಗೆ ವಾಲಿದ ಮಣ್ಣು. ಅದೇ ತಂಡ 2004ರಲ್ಲಿ, ಜೋಳ, ಆಲೂಗಡ್ಡೆ, ಭತ್ತದ ಬೇರುಗಳು ವಿಷ ಒಸರಿಸಿದರೂ ಹತ್ತಿಯ ಬೇರು ಒಸರಿಸಿದ್ದು ತಮಗೆ ಕಾಣಲಿಲ್ಲವೆಂದು ಬರೆಯಿತು. ಆಸ್ಟ್ರೇಲಿಯದಲ್ಲಿ ಹತ್ತಿಯ ಬೇರಿನ ಸುತ್ತಣ ಮಣ್ಣಿನಲ್ಲಿ ಆ ಪ್ರೋಟೀನನ್ನು ಕಂಡವರೂ ಇದ್ದಾರೆ. ವಾದ ಪೂರ್ತಿ ತೀರಿಲ್ಲ.

ಜೀವಿಗಳ ಸಂಗತಿ ಹೀಗೆ. ಸ್ಟಾಟ್ಸ್ಕಿಯವರ ತಂಡವು ಬಿಟಿ ಜೋಳ ಬೆಳೆದ ಮಣ್ಣಿನಲ್ಲಿ ಎರೆಹುಳುಗಳನ್ನು 40 ದಿನ ಬಿಟ್ಟು ನೋಡಿತು. ಹುಳುಗಳ ಕರುಳಿನಲ್ಲಿಯೂ ಹಿಕ್ಕೆಯಲ್ಲಿಯೂ ವಿಷವಿತ್ತು. ಬೇರೆ ಮಣ್ಣಿಗೆ ಹಾಕಿದರೆ ಎರಡು ಮೂರು ದಿನಗಳಲ್ಲಿ ಹೊರಟುಹೋಯಿತು. ಹುಳುಗಳು ಸಾಯಲಿಲ್ಲ, ತೂಕವೂ ಇಳಿಯಲಿಲ್ಲ. ಬ್ಯಾಕ್ಟೀರಿಯ, ಶಿಲೀಂಧ್ರಗಳ ಎಣಿಕೆಯಲ್ಲೂ ವ್ಯತ್ಯಾಸವಿರಲಿಲ್ಲ. ಸ್ವಿಟ್ಜರ್ಲೆಂಡಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಹೆಚ್ಚು ದೀರ್ಘವಾದ ಪ್ರಯೋಗದಲ್ಲಿ ಮಾತ್ರ, ಬಿಟಿ ಜೋಳದ ಕಸ ತಿಂದ ಎರೆಹುಳುಗಳು 200 ದಿನಗಳ ಹೊತ್ತಿಗೆ ತಮ್ಮ ತೂಕದಲ್ಲಿ ಶೇಕಡ 18ನ್ನು ಕಳೆದುಕೊಂಡವು; ಸಾದಾ ಜೋಳದ ಕಸ ತಿಂದವು ಶೇಕಡ 4ರಷ್ಟು ಏರಿದವು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕುಂಡಗಳಲ್ಲಿ ಬೆಳೆದ ಬಿಟಿ ಹತ್ತಿಯ ಮಣ್ಣಿನಲ್ಲಿ ಗಿಡಕ್ಕೆ ದೊರಕುವ ಸಾರಜನಕ ತುಸು ಇಳಿದು ರಂಜಕ ತುಸು ಏರಿತ್ತು. ಅಮೆರಿಕದಲ್ಲಿ ಮೂರರಿಂದ ಆರು ವರ್ಷ ಸತತವಾಗಿ ಬಿಟಿ ಹತ್ತಿ ಬೆಳೆದ ಹೊಲಗಳ ಮಣ್ಣಿನಲ್ಲಿ ವಿಷದ ಸುಳಿವೇ ಸಿಗಲಿಲ್ಲವೆಂದು 2002ರಲ್ಲಿ ವರದಿಯಾಯಿತು. ಬರೆದವರು ಬೀಜದ ಕಂಪನಿಯ ವಿಜ್ಞಾನಿಗಳೇ ಆದುದರಿಂದ ಅದನ್ನು ಅಷ್ಟರಮಟ್ಟಿಗೆ ತೂಗಿ ನೋಡಬೇಕು. ಆದರೆ ಕಂಪನಿಯ ಹಂಗಿಲ್ಲದ ಸ್ಟಾಟ್ಸ್ಕಿಯವರೇ 2008ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಪರಾಮರ್ಶಿಸಿ, ಮಣ್ಣಿನ ಜೀವಿಗಳ ಮೇಲೆ ವಿಷದ ಪರಿಣಾಮ ಇಲ್ಲವೇ ಇಲ್ಲ ಅಥವಾ ಅಲ್ಪ ಎಂಬ ಕಡೆಗೆ ಬಂದರು. ಮೊದಲು ಎಚ್ಚರಿಕೆಯ ಗಂಟೆ ಬಾರಿಸಿದವರು ಸಾಕ್ಷ್ಯ ಬೇರೆಯಾದಾಗ ಅದನ್ನೂ ಹೇಳಿದರೆಂಬುದು ನನಗೆ ಗೌರವ ಹುಟ್ಟಿಸಿತು.

ಆದುದರಿಂದ 'ಬಿಟಿಯ ವಿಷ ಹೊಲವನ್ನು ಕೊಂದಿತು' ಎಂಬ ಮಾತಿಗೆ ಆಧಾರ ಸಾಲದು. ಹಾಗಾದರೆ ಹೆಂಟೆ ಗಟ್ಟಿಯಾದದ್ದೇಕೆ?

ಇದಕ್ಕೆ ಉತ್ತರ ಪುಸ್ತಕದಲ್ಲಿರಲಿಲ್ಲ. ನನ್ನ ಗುತ್ತಿಗೆಯ ನೋಟುಪುಸ್ತಕದಲ್ಲಿತ್ತು. 18 ವರ್ಷಗಳಲ್ಲಿ 16 ವರ್ಷ ಅದೇ ಹೊಲದಲ್ಲಿ ಹತ್ತಿಯೇ. ಉಳಿದೆರಡು ವರ್ಷ ಮಳೆಯಿಲ್ಲದೆ ಬೀಳು. ನವಣೆಯಿಲ್ಲ, ಜೋಳವಿಲ್ಲ, ಸಾರಜನಕ ಕೂಡಿಸುವ ಕಡಲೆಯಿಲ್ಲ. ಮೇವಿಲ್ಲದ ಮೇಲೆ ಎತ್ತುಗಳು ಹೋದವು, ಎತ್ತುಗಳು ಹೋದ ಮೇಲೆ ತಿಪ್ಪೆಯೂ ಹೋಯಿತು. ಹತ್ತಿಕಟಿಗೆಯನ್ನು ಬದುವಿನ ಮೇಲೆ ಸುಡುವುದು ರೂಢಿಯಾಯಿತು. 2006ರಲ್ಲಿ ವಾರಂಗಲ್ ಕಡೆ ಬಿಟಿ ಹತ್ತಿ ಮೇಯ್ದ ಕುರಿಗಳು ಸತ್ತವೆಂಬ ಸುದ್ದಿ ಹಬ್ಬಿತು. ಅದಕ್ಕೆ ಬಿಟಿಯೇ ಕಾರಣವೆಂದು ಸಿದ್ಧವಾಗಲಿಲ್ಲವಾದರೂ ನಮ್ಮ ಕಡೆಯ ಕುರುಬರು ಅಂಜಿ ಹತ್ತಿಹೊಲಕ್ಕೆ ಮಂದೆ ಬಿಡುವುದನ್ನು ಕಡಿಮೆ ಮಾಡಿದರು. ಸಾವಯವ ಹೋದ ಜೇಡಿ ಹೆಂಟೆಗಟ್ಟುವುದನ್ನು ತಿಳಿಯಲು ಯಾವ ಪ್ರಯೋಗಶಾಲೆಯೂ ಬೇಕಿಲ್ಲ.

ಅದಕ್ಕೆ ಪ್ರತಿಯಾಗಿ ಏರಿದ್ದು ಚೀಲದ ಗೊಬ್ಬರ. ದೇಶದ ಹತ್ತಿಯ ಇಳುವರಿ 2001-02ರಲ್ಲಿ ಹೆಕ್ಟೇರಿಗೆ ಸುಮಾರು 300 ಕಿಲೋ ಅರಳೆ ಇದ್ದದ್ದು ಆರು ವರ್ಷಗಳಲ್ಲಿ 550ರ ಆಸುಪಾಸಿಗೆ ಬಂದು ಅಲ್ಲೇ ನಿಂತಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೆ.ಆರ್. ಕ್ರಾಂತಿಯವರೂ ಗ್ಲೆನ್ ಸ್ಟೋನ್ ಅವರೂ 2020ರಲ್ಲಿ ಇಪ್ಪತ್ತು ವರ್ಷಗಳ ಲೆಕ್ಕ ತೆಗೆದು, ಆ ಏರಿಕೆಯಲ್ಲಿ ಬಿಟಿಗಿಂತ ಗೊಬ್ಬರದ ಪಾಲು ದೊಡ್ಡದೆಂದೂ, ಕೀಟನಾಶಕದ ಖರ್ಚು ಮೊದಲು ಇಳಿದರೂ ಈಗ ಬಿಟಿಗೆ ಮುನ್ನ ಇದ್ದುದಕ್ಕಿಂತ ಹೆಚ್ಚಾಗಿದೆಯೆಂದೂ ಬರೆದರು. ಗುಲಾಬಿ ಕಾಯಿಕೊರಕ ಹುಳು ಮೊದಲ ಬಿಟಿಯನ್ನು ಗುಜರಾತಿನಲ್ಲಿ ಗೆದ್ದ ಸುದ್ದಿ 2010ರಲ್ಲೇ ಬಂದಿತ್ತು. ಎರಡನೆಯ ಬಿಟಿಯನ್ನೂ ಅದು ಐದಾರು ವರ್ಷಗಳಲ್ಲಿ ಗೆದ್ದಿತು. ಹುಳು ಒಗ್ಗಿಕೊಳ್ಳದಿರಲೆಂದು ಚೀಲದ ಜೊತೆ ಕೊಡುತ್ತಿದ್ದ 120 ಗ್ರಾಂ ಸಾದಾ ಬೀಜವನ್ನು ನಮ್ಮಲ್ಲಿ ಯಾರೂ ಬಿತ್ತಲಿಲ್ಲ. ಹುಳುವಿಗೆಂದು ಒಂದು ಸಾಲು ಬಿಡಲು ಯಾರಿಗೆ ಮನಸ್ಸು ಬಂದೀತು?

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ನಮ್ಮ ಹೊಲಕ್ಕೂ ಬಂದಿದೆ. ಅದರಲ್ಲಿ 12 ಅಂಶಗಳ ಲೆಕ್ಕವುಂಟು: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ ಇತ್ಯಾದಿ. ಮಣ್ಣಿನ ಜೀವಿಗಳನ್ನು ಎಣಿಸುವ ಕಾಲಂ ಅದರಲ್ಲಿಲ್ಲ. ಸಾವಯವ ಇಂಗಾಲದ ಎದುರು ನಮ್ಮ ಹೊಲಕ್ಕೆ 'ಕಡಿಮೆ' ಎಂದು ಬರೆದಿದ್ದಾರೆ. ಅದನ್ನು ನಾನು ಮಡಿಚಿ ಪಟ್ಟಾ ಪುಸ್ತಕದೊಳಗೆ ಇಟ್ಟಿದ್ದೆ.

ಒಂದು ಸಂಗತಿಯನ್ನು ಇಲ್ಲಿ ಮುಚ್ಚಿಡಲಾರೆ. ಗುತ್ತಿಗೆಯ ಐದನೆಯ ವರ್ಷದಲ್ಲಿ ಅವನು, "ಮೇಷ್ಟ್ರೇ, ಈ ಸಲ ಅರ್ಧ ಹೊಲಕ್ಕೆ ಜೋಳ ಹಾಕ್ತೀನಿ. ರೊಕ್ಕ ಅಷ್ಟು ಬರಲ್ಲ. ಗುತ್ತಿಗೆ ಒಂದೀಟು ಇಳಿಸ್ರಿ" ಎಂದು ಕೇಳಿದ್ದನು. ಮಗಳ ಮದುವೆಯ ಸಾಲ ನನ್ನ ತಲೆಯ ಮೇಲಿತ್ತು. ಆಗುವುದಿಲ್ಲವೆಂದೆ. ನಗದು ಗುತ್ತಿಗೆ ತೀರಿಸಲು ಹತ್ತಿಯೊಂದೇ ದಾರಿಯಾದುದರಿಂದ ಅವನು ಹತ್ತಿಯನ್ನೇ ಬಿತ್ತಿದನು. ಆಮೇಲೆ ಅವನು ಮತ್ತೆ ಕೇಳಲಿಲ್ಲ. ಬೆಳೆ ಸರದಿಯ ಮಹತ್ವವನ್ನು ಎಂಟನೆಯ ತರಗತಿಯಲ್ಲಿ ಅವನಿಗೆ ಪಾಠ ಹೇಳಿದವನು ನಾನೇ. ಆ ವರ್ಷ ವಿಜ್ಞಾನದ ಮೇಷ್ಟರು ರಜೆಯಲ್ಲಿದ್ದರು.

ಆಷಾಢದಲ್ಲಿ ಅವನನ್ನು ಕರೆಸಿ ಓದಿದುದನ್ನೆಲ್ಲ ಹೇಳಿದೆ. ಬಿಟಿ ಬೀಜ ಅಪರಾಧಿಯಲ್ಲ ಎಂದಾಗ ಅವನಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ. ಐದನೆಯ ವರ್ಷದ ಮಾತು ತೆಗೆದಾಗ ನೆಲ ನೋಡುತ್ತ ಕುಳಿತನು. 4 ಎಕರೆಗೆ ಮೂರು ವರ್ಷ ಗುತ್ತಿಗೆ ಬೇಡವೆಂದೆ. ಅದರಲ್ಲಿ ಎರಡು ಎಕರೆಗೆ ನವಣೆ ಬಿತ್ತಿದ್ದಾನೆ, ಉಳಿದೆರಡಕ್ಕೆ ಹಿಂಗಾರಿನಲ್ಲಿ ಕಡಲೆ ಹಾಕುವನಂತೆ. 5 ಎಕರೆಯಲ್ಲಿ ಬಿಟಿ ಹತ್ತಿಯೇ ಇದೆ. ಅವನ ಮಗನ ಕಾಲೇಜಿನ ಫೀಸು ಅದರಿಂದಲೇ ಬರಬೇಕು. ಮಾಗಿಯಲ್ಲಿ ಕುರಿ ತರುಬಿಸಲು ಕುರುಬರ ಹಟ್ಟಿಗೆ ಹೋಗಿ ಮಾತಾಡಿ ಬಂದಿದ್ದಾನೆ. ಕಾಳಿನ ಬದಲು ರೊಕ್ಕ ಕೇಳಿದರಂತೆ, ಒಂದು ರಾತ್ರಿಗೆ ಇಷ್ಟೆಂದು. ಅದನ್ನು ನಾನು ಕೊಡುತ್ತೇನೆಂದು ಹೇಳಿದ್ದೇನೆ. ಆ ಹೆಂಟೆ ನಮ್ಮ ಜಗಲಿಯ ಗೂಡಿನಲ್ಲಿ ಹಾಗೆಯೇ ಇದೆ.